ಅತ್ತೆಯ ಅಂಗಳಕ್ಕೆ ಹುಲ್ಲುಹಾಸು

ಅಕ್ಕತಂಗಿಯರನ್ನು ಮದುವೆಯಾದ ಆ ಇಬ್ಬರು ಷಡ್ಡಕರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಇಬ್ಬರ ಕಸುಬೂ ಒಂದೇ, ಕೃತಕ ಹುಲ್ಲು ಹಾಸುವುದು. ಮೊದಲೆಲ್ಲ ಒಂದೇ ಗಾಡಿಯಲ್ಲಿ ಹೋಗಿ ಹಾಸಿ ಬರುತ್ತಿದ್ದರು. ಈಗ ಎರಡು ಗಾಡಿ, ಎರಡು ಬೋರ್ಡು. ಮನೆಯ ಸಮಾರಂಭಗಳಲ್ಲಿ ಒಬ್ಬ ಬಾಗಿಲ ಹತ್ತಿರ ಕೂತರೆ ಇನ್ನೊಬ್ಬ ಕಿಟಕಿ ಹತ್ತಿರ ಕೂರುತ್ತಿದ್ದ. ಅಕ್ಕತಂಗಿಯರು ಮಾತ್ರ ಏನೂ ಆಗಿಲ್ಲವೆಂಬಂತೆ ನಡುವೆ ಕೂತು ಹರಟುತ್ತಿದ್ದರು.

ಹೀಗಿರುವಾಗ ಅತ್ತೆ ಫೋನ್ ಮಾಡಿ, "ಅಂಗಳಕ್ಕೆ ಹುಲ್ಲು ಹಾಕಿಸ್ಬೇಕು, ನಾಳೆ ಬೆಳಿಗ್ಗೆ ಬಂದು ನೋಡಿ" ಎಂದಾಗ ದೊಡ್ಡಳಿಯ ಒಳಗೊಳಗೇ ಹಿಗ್ಗಿದ. ಕರೆದದ್ದು ತನ್ನನ್ನು, ಅವನನ್ನಲ್ಲ. ಮರುದಿನ ಗೇಟು ದಾಟಿ ಒಳಗೆ ಹೋದರೆ ಚಿಕ್ಕಳಿಯನ ಗಾಡಿ ಆಗಲೇ ಅಲ್ಲಿ ನಿಂತಿತ್ತು. ದೊಡ್ಡಳಿಯ ರಿವರ್ಸ್ ಗೇರಿಗೆ ಕೈ ಹಾಕಿದ. ಕನ್ನಡಿಯಲ್ಲಿ ನೋಡಿದರೆ ಅತ್ತೆ ಗೇಟಿಗೆ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು.

"ಇಳೀರಿ," ಎಂದರು. "ಒಬ್ಬರ ಕೈಲಿ ಹಾಕಿಸಿದ್ರೆ ಇನ್ನೊಬ್ಬರು ವರ್ಷವೆಲ್ಲ ಅದರಲ್ಲಿ ತಪ್ಪು ಹುಡುಕ್ತೀರಿ. ನನಗೆ ಆ ತಲೆನೋವು ಬೇಡ. ಇಬ್ಬರೂ ಸೇರಿ ಹಾಕಿ. ಇಲ್ಲಾಂದ್ರೆ ಪೇಟೆಯಿಂದ ಯಾರನ್ನಾದ್ರೂ ಕರೆಸ್ತೀನಿ."

ಪೇಟೆಯವರು ಎಂದರೆ ಇಬ್ಬರಿಗೂ ಆಗದು. ದೊಡ್ಡಳಿಯ ಗಾಡಿ ಆಫ್ ಮಾಡಿ ಇಳಿದ.

ಅತ್ತೆಯ ಜಾಗ ಊರಾಚೆ ಇತ್ತು. ಒಂದು ಕಾಲಕ್ಕೆ ಅಲ್ಲಿ ಇಟ್ಟಿಗೆ ಗೂಡು ನಡೆಯುತ್ತಿತ್ತು. ಮಾವ ಆ ಜಾಗ ಕೊಂಡದ್ದೇ ಅಲ್ಲಿನ ಜೇಡಿಮಣ್ಣಿಗಾಗಿ. ಇಟ್ಟಿಗೆಗೆ ಅಂಥ ಮಣ್ಣು ಸುತ್ತಮುತ್ತ ಎಲ್ಲೂ ಇರಲಿಲ್ಲ. ಬೇರೆ ಯಾವುದಕ್ಕೂ ಅದು ಒದಗುತ್ತಿರಲಿಲ್ಲ. ಮಾವ ತೀರಿಕೊಂಡು ಗೂಡು ಮುಚ್ಚಿದ ಮೇಲೆ ಅತ್ತೆ ಸುಮ್ಮನೆ ಕೂರಲಿಲ್ಲ. ಆಫೀಸಾಗಿದ್ದ ಉದ್ದನೆಯ ಕಟ್ಟಡಕ್ಕೆ ಸುಣ್ಣ ಬಳಿಸಿ, ಕಿಟಕಿಗಳಿಗೆ ಹಳದಿ ಪೇಂಟ್ ಹೊಡೆಸಿ ಶಿಶುವಿಹಾರ ತೆರೆದರು. ಹತ್ತಿರದ ಪ್ಯಾಕಿಂಗ್ ಕಾರ್ಖಾನೆಗೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಅತ್ತೆಗೆ ಜೊತೆಯಾಗಿ ಒಬ್ಬ ಆಯಾ ಇದ್ದಳು.

ತೊಂದರೆ ಇದ್ದದ್ದು ಅಂಗಳದಲ್ಲಿ. ಹಸಿ ಇಟ್ಟಿಗೆ ಒಣಗಿಸುತ್ತಿದ್ದ ಆ ಬಯಲು ಎಷ್ಟೋ ವರ್ಷ ಕಾಲ್ತುಳಿತಕ್ಕೆ ಸಿಕ್ಕಿ ಕಲ್ಲಾಗಿತ್ತು. ಬಿಸಿಲಿಗೆ ಕೈ ತೂರಿಸುವಷ್ಟು ಅಗಲ ಬಿರುಕು ಬಿಡುತ್ತಿತ್ತು. ಮಳೆಗೆ ಅಂಟಂಟಾಗಿ ಮಕ್ಕಳ ಚಪ್ಪಲಿ ಕಿತ್ತುಕೊಳ್ಳುತ್ತಿತ್ತು. ಬೀಜ ಚೆಲ್ಲಿ ಹುಲ್ಲು ಬೆಳೆಸಲು ಅತ್ತೆ ಎರಡು ಸಲ ನೋಡಿದ್ದರು, ಜಪ್ಪಯ್ಯ ಅಂದರೂ ಹುಟ್ಟಲಿಲ್ಲ. ಮಳೆಗಾಲವಿಡೀ ಮಕ್ಕಳು ಒಳಗೇ ಇದ್ದು ಒಬ್ಬರ ಕೂದಲನ್ನು ಒಬ್ಬರು ಎಳೆದಾಡುತ್ತಿದ್ದವು. ಹೊರಗೆ ಬಿಟ್ಟರೆ ಮಣ್ಣಿನ ಮುದ್ದೆಗಳಾಗಿ ಬರುತ್ತಿದ್ದವು. "ಬಿಟ್ಟು ಹೋದಾಗ ಇದ್ದ ಮಗು ಇದೇನಾ?" ಎಂದು ಒಬ್ಬ ತಾಯಿ ಕೇಳಿದ ದಿನವೇ ಅತ್ತೆ ಫೋನ್ ಎತ್ತಿಕೊಂಡಿದ್ದರು. ಕಾರ್ಖಾನೆಗೆ ರಜೆ ಬರುವುದರಲ್ಲಿತ್ತು. ಆ ರಜೆಯೊಳಗೆ ಕೆಲಸ ಮುಗಿಯಬೇಕಿತ್ತು.

ಇಬ್ಬರೂ ಮಾತಿಲ್ಲದೆ ಅಂಗಳ ಸುತ್ತಿದರು. ದೊಡ್ಡಳಿಯ ಒಂದು ಕಡೆ ಮೊಣಕೈ ಆಳದ ಗುಣಿ ತೋಡಿ ನೀರು ತುಂಬಿಸಿದ. ಚಿಕ್ಕಳಿಯ ಇನ್ನೊಂದು ಕಡೆ ತನ್ನದೇ ಬೇರೆ ಗುಣಿ ತೋಡಿ ನೀರು ತುಂಬಿಸಿದ. ಮರುದಿನ ಬಂದು ನೋಡಿದರೆ ಎರಡರಲ್ಲೂ ನೀರು ಇಂಗದೆ ಹಾಗೇ ಇತ್ತು, ಒಂದರಲ್ಲಿ ಕಪ್ಪೆ ಬೇರೆ.

"ಅತ್ತೆ, ಇದನ್ನ ಚೆನ್ನಾಗಿ ಆಳಕ್ಕೆ ಅಗೆದು ಜಲ್ಲಿ ತುಂಬ್ಬೇಕು," ಎಂದ ದೊಡ್ಡಳಿಯ.

"ಅತ್ತೆ, ಜೇಡಿಯಲ್ಲಿ ಆಳಕ್ಕೆ ಅಗೆದ್ರೆ ಬಾನಿ ಮಾಡಿಟ್ಟ ಹಾಗೆ. ನೀರೆಲ್ಲ ಬಂದು ಜಲ್ಲಿಯೊಳಗೇ ಕೂರುತ್ತೆ, ನಾರುತ್ತೆ. ಅಗೆಯದೆ ಮೇಲೆ ಎತ್ತರಿಸ್ಬೇಕು," ಎಂದ ಚಿಕ್ಕಳಿಯ.

"ಎತ್ತರಿಸಿದ್ರೆ ಹೊಸ್ತಿಲಿಗಿಂತ ಮೇಲೆ ಬರುತ್ತೆ ಅತ್ತೆ. ಆಮೇಲೆ ನೀರು ಸೀದಾ ಒಳಗೆ. ಮಕ್ಕಳಿಗೆ ಈಜು ಕಲಿಸ್ತೀರಾ?"

"ನಾನೇನು ಅಂಚೆಯವಳಾ?" ಎಂದರು ಅತ್ತೆ. "ಅವರವರ ಮುಖ ನೋಡ್ಕೊಂಡು ಹೇಳ್ರಪ್ಪಾ."

ಅವರು ಮುಖ ನೋಡಿಕೊಳ್ಳಲಿಲ್ಲ. ಇಬ್ಬರ ಮಾತೂ ಅರ್ಧರ್ಧ ಸರಿ ಎಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅತ್ತೆಯ ಬಾಯಲ್ಲೇ ತೀರ್ಮಾನವಾಯಿತು. ಅಂಗೈ ಅಗಲದಷ್ಟು ಆಳ ಮಾತ್ರ ಅಗೆಯುವುದು, ಕಟ್ಟಡದ ಕಡೆಯಿಂದ ರಸ್ತೆಯ ಚರಂಡಿಯ ಕಡೆಗೆ ಇಳಿಜಾರು ಕೊಡುವುದು, ತಗ್ಗಿನ ಅಂಚಿನುದ್ದಕ್ಕೂ ಕಾಲುವೆ ತೋಡಿ ತೂತಿನ ಪೈಪ್ ಹೂಳುವುದು. ಅದರ ಮೇಲೆ ನೀರು ಸೋಸುವ ದಪ್ಪ ಬಟ್ಟೆ, ಬಟ್ಟೆಯ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಕಲ್ಲುಪುಡಿ, ಕೊನೆಗೆ ಹುಲ್ಲು.

ಜಗಳದ ಮೂಲ ಒಂದು ಸುರುಳಿ. ಹುಲ್ಲು ಬರುವುದು ಚಾಪೆಯ ಹಾಗೆ ಸುತ್ತಿಕೊಂಡು. ಒಂದೊಂದು ಸುರುಳಿಯೂ ಆನೆ ಭಾರ. ಮೂರು ವರ್ಷದ ಹಿಂದೆ ಒಂದು ಶಾಲೆಯ ಮೈದಾನದಲ್ಲಿ ಆ ತುದಿ ಒಬ್ಬ, ಈ ತುದಿ ಒಬ್ಬ ಹೊತ್ತು ನಡೆಯುತ್ತಿದ್ದಾಗ ಚಿಕ್ಕಳಿಯ ತನ್ನ ತುದಿ ಬಿಟ್ಟ. ಅಷ್ಟೂ ಭಾರ ದೊಡ್ಡಳಿಯನ ಸೊಂಟಕ್ಕೆ ಬಂತು. ಅವನು ಎರಡು ತಿಂಗಳು ಹಾಸಿಗೆ ಹಿಡಿದ. "ಬಿಡ್ತೀನಿ ಅಂತ ಕೂಗಿದ್ದೆ" ಎಂದು ಚಿಕ್ಕಳಿಯ ಹೇಳುತ್ತಿದ್ದ. "ಕೂಗಿದ್ರೆ ನನಗೆ ಕಿವಿ ಇರಲಿಲ್ವಾ?" ಎಂದು ದೊಡ್ಡಳಿಯ ಕೇಳುತ್ತಿದ್ದ. ಇಬ್ಬರೂ ಇದನ್ನು ಹೇಳಿದ್ದು ತಂತಮ್ಮ ಹೆಂಡತಿಯರ ಹತ್ತಿರ, ಒಬ್ಬರಿಗೊಬ್ಬರು ಅಲ್ಲ.

ರಜೆ ಶುರುವಾದ ದಿನವೇ ಕೆಲಸ ಹಿಡಿದರು. ಅತ್ತೆ ಎದುರಿಗಿದ್ದಷ್ಟು ಹೊತ್ತು ಅವರ ಮೂಲಕ ಕೆಲಸ ಸಾಗುತ್ತಿತ್ತು. ಅವರು ಒಳಗೆ ಹೋದರೆ ಇಬ್ಬರೂ ಸಾಮಾನುಗಳ ಜೊತೆ ಮಾತಾಡುತ್ತಿದ್ದರು. "ಈ ದಾರ ಎಳೆದು ಕಟ್ಟಿದವರಿಗೆ ಕಣ್ಣು ಓರೆ ಇರಬೇಕು," ಎಂದು ದೊಡ್ಡಳಿಯ ಕೈಗಾಡಿಗೆ ಹೇಳಿದ. "ಆ ಕಡೆ ಮೂಲೆ ಉಬ್ಬಿದೆ, ಯಾರಿಗೂ ಕಾಣ್ತಿಲ್ಲ," ಎಂದು ಚಿಕ್ಕಳಿಯ ಸಲಿಕೆಗೆ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ ದಾರವೂ ನೆಟ್ಟಗಾಗುತ್ತಿತ್ತು, ಮೂಲೆಯೂ ಸಮವಾಗುತ್ತಿತ್ತು. ಮಧ್ಯಾಹ್ನ ಅತ್ತೆ ಚಹಾ ತಂದಾಗ ಒಂದು ತಟ್ಟೆಯ ಬಿಸ್ಕತ್ತನ್ನು ಎರಡು ತಟ್ಟೆಗೆ ಹಂಚಿ ಎರಡು ಮೂಲೆಗೆ ಒಯ್ಯಬೇಕಾಗುತ್ತಿತ್ತು. "ಇವರಿಗಿಂತ ನಮ್ಮ ಶಿಶುವಿಹಾರದ ಮಕ್ಕಳೇ ವಾಸಿ," ಎಂದು ಆಯಾ ಗೊಣಗಿದಳು. "ಅವುಗಳ ಮುನಿಸು ಬಿಸ್ಕತ್ತು ಕಂಡ್ರೆ ಹೋಗುತ್ತೆ."

ಅಗೆದು ಮುಗಿಯುವ ಹೊತ್ತಿಗೆ ಮಳೆ ಸುರಿಯಿತು. ಟಾರ್ಪಾಲು ಹೊದಿಸಿದ್ದರೂ ಅಂಗಳದ ಅರ್ಧ ಕಲಸಿದ ಹಿಟ್ಟಾಯಿತು. ಜಲ್ಲಿ ತಂದ ಲಾರಿಯವನು ಗೇಟಿನಲ್ಲೇ ಇಣುಕಿ, "ನಾನು ಒಳಗೆ ಬರಲ್ಲ ಸ್ವಾಮಿ, ನನಗೆ ಮನೆಗೆ ಹೋಗ್ಬೇಕು" ಎಂದು ರಸ್ತೆ ಬದಿಯಲ್ಲೇ ಸುರಿದು ಹೋದ.

ಒದ್ದೆ ಜೇಡಿಯ ಮೇಲೆ ಓಡಾಡಿದರೆ ಮಟ್ಟವೆಲ್ಲ ಹಾಳು. ಅದು ಇಬ್ಬರಿಗೂ ಗೊತ್ತಿದ್ದರಿಂದ ಮರುದಿನ ಇಬ್ಬರೂ ಅಂಚಿನಲ್ಲಿ ನಿಂತು ಕಾದರು. ಅತ್ತೆ, ಆಯಾ ಇಬ್ಬರೂ ಮಕ್ಕಳಿಗೆ ಚಾಪೆ, ಪಾತ್ರೆ ತರಲು ಪೇಟೆಗೆ ಹೋಗಿದ್ದರು. ಕಾಲುವೆಯ ಬಾಯಿಗೆ ಮಣ್ಣು ಕಟ್ಟಿ ನೀರು ಹಿಂದಕ್ಕೆ ನಿಲ್ಲುತ್ತಿತ್ತು. ಚಿಕ್ಕಳಿಯನಿಗೆ ಅದನ್ನು ನೋಡಿಕೊಂಡು ನಿಲ್ಲಲು ಆಗಲಿಲ್ಲ. ಗಂಬೂಟು ಹಾಕಿಕೊಂಡು ತಗ್ಗಿನ ಮೂಲೆಗೆ ಇಳಿದು ಸಲಿಕೆ ಹಾಕಿದ. ಎರಡು ಹೆಜ್ಜೆ ಸರಿದದ್ದೇ ತಡ, ನೆಲ ಬಾಯಿ ಬಿಟ್ಟ ಹಾಗಾಗಿ ಎರಡೂ ಕಾಲು ಮೊಣಕಾಲವರೆಗೆ ಒಳಗೆ ಹೋದವು.

ಅವನು ಒಂದು ಕಾಲು ಎಳೆದ. ಇನ್ನೊಂದು ಮತ್ತಷ್ಟು ಇಳಿಯಿತು. ಆ ಕಾಲು ಎಳೆದರೆ ಈ ಕಾಲು.

"ಭಾವ," ಎಂದ.

ದೊಡ್ಡಳಿಯ ಜಲ್ಲಿ ರಾಶಿಯ ಹತ್ತಿರ ಇದ್ದ. ಯಾರಿಗೋ ಫೋನಿನಲ್ಲಿ ಅನ್ನುತ್ತಿದ್ದಾನೆ ಎಂದುಕೊಂಡು ತಿರುಗಲಿಲ್ಲ.

"ಭಾವ, ಕಾಲು ಬರ್ತಿಲ್ಲ!"

ದೊಡ್ಡಳಿಯ ತಿರುಗಿ ನೋಡಿದ. ಚಿಕ್ಕಳಿಯ ಅಷ್ಟರಲ್ಲಿ ತೊಡೆಯವರೆಗೆ ಇಳಿದು ಸಲಿಕೆ ಹಿಡಿದುಕೊಂಡು ಕುಳ್ಳನಂತೆ ನಿಂತಿದ್ದ. ನಗು ಬರಬೇಕಿತ್ತು, ಆದರೆ ಅವನ ಮುಖದಲ್ಲಿ ರಕ್ತ ಇರಲಿಲ್ಲ. ಕಾಲುವೆಯ ನೀರು ಸುತ್ತ ತುಂಬಿಕೊಳ್ಳುತ್ತಿತ್ತು.

"ಅಲ್ಲಾಡ್ಬೇಡ. ಅಲ್ಲಾಡಿದಷ್ಟೂ ಇಳೀತೀಯ."

ದೊಡ್ಡಳಿಯ ಗೂಡಿನ ಕಡೆ ಓಡಿದ. ಹಸಿ ಇಟ್ಟಿಗೆ ಜೋಡಿಸಿಡುತ್ತಿದ್ದ ಹಳೆಯ ಹಲಗೆಗಳು ಅಲ್ಲಿ ಗೋಡೆಗೆ ಒರಗಿದ್ದವು. ಎರಡನ್ನು ಎಳೆತಂದು ಕೆಸರಿನ ಮೇಲೆ ಹಾಸಿ, ಒಂದರ ಮೇಲೆ ಹೊಟ್ಟೆಯ ಮೇಲೆ ಮಲಗಿ ತೆವಳಿಕೊಂಡು ಹೋದ. ಸೊಂಟ ಒಮ್ಮೆ ಚುಳುಕ್ ಎಂದಿತು. ಹಲ್ಲು ಕಚ್ಚಿಕೊಂಡ. ಇನ್ನೊಂದು ಹಲಗೆಯನ್ನು ಚಿಕ್ಕಳಿಯನ ಎದೆಯ ಮುಂದೆ ತಳ್ಳಿ, "ಇದರ ಮೇಲೆ ಭಾರ ಹಾಕು. ಕೈ ಚಾಚಿ ಬೋರಲು ಬೀಳು" ಎಂದ. ಆಮೇಲೆ ಬಲಗಾಲಿನ ಸುತ್ತ ಕೈಯಿಂದಲೇ ಮಣ್ಣು ತೋಡತೊಡಗಿದ. ತೋಡಿದಷ್ಟೂ ಸುತ್ತಲಿನದು ಬಂದು ತುಂಬಿಕೊಳ್ಳುತ್ತಿತ್ತು.

ಹಾಗೆ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಲಗಿದ್ದರು. ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರ. ಬೇರೆ ಕಡೆ ನೋಡಲು ಜಾಗವಿರಲಿಲ್ಲ.

"ನಾನು ಕೂಗಿದ್ದೆ ಭಾವ," ಎಂದ ಚಿಕ್ಕಳಿಯ ಇದ್ದಕ್ಕಿದ್ದಂತೆ. "ಆವತ್ತು. ಕೈ ಜಾರ್ತಿತ್ತು, ಕೂಗಿದ್ದೆ."

"ಕೂಗಲಿಲ್ಲ."

"ಕೂಗಿದ್ದೆ!"

"ಕೂಗಲಿಲ್ಲ ಅಂದ್ನಲ್ಲ! ಈಗ ಭಾವ ಅಂತ ಕೂಗಿದ್ದು ರಸ್ತೆ ತನಕ ಕೇಳ್ತು. ಆವತ್ತು ಆ ಗಂಟಲು ಎಲ್ಲಿಗೆ ಹೋಗಿತ್ತು?"

"ಪಕ್ಕದಲ್ಲೇ ರೋಲರ್ ಓಡ್ತಿತ್ತು, ನೀವು..."

"ಕಾಲಿನ ಬೆರಳು ಅಲ್ಲಾಡಿಸು. ಬೂಟಿನೊಳಗೆ. ಹಾಂ." ದೊಡ್ಡಳಿಯ ಮಣ್ಣು ಎಸೆದು ಮತ್ತೆ ಕೈ ಹಾಕಿದ. ಆಮೇಲೆ ತಲೆ ಎತ್ತದೆ ಹೇಳಿದ: "ಕೂಗಿದ್ಯೋ ಇಲ್ವೋ, ಅದು ಹಾಳಾಗಿ ಹೋಗ್ಲಿ. ಎರಡು ತಿಂಗಳು ಸೀಲಿಂಗ್ ನೋಡ್ಕೊಂಡು ಮಲಗಿದ್ದೆ. ಯಾರ್ಯಾರೋ ಬಂದು ಹೋದ್ರು. ಹಾಲಿನವನೂ ಬಂದ. ನೀನು ಒಂದು ಸಲ ಬರಲಿಲ್ಲ."

ಚಿಕ್ಕಳಿಯ ಹಲಗೆಯ ಮೇಲೆ ಗಲ್ಲ ಊರಿದ.

"ಬಂದಿದ್ದೆ," ಎಂದ. "ನಿಮ್ಮ ಬೀದಿ ತುದಿ ತನಕ ಬಂದು ಗಾಡಿಯಲ್ಲೇ ಕೂತಿದ್ದೆ. ಕಿತ್ತಳೆ ಹಣ್ಣು ತಂದಿದ್ದೆ. ಮಲಗಿರೋದನ್ನ ನೋಡಿ ಏನಂತ ಹೇಳ್ಲಿ ಅಂತ ಗೊತ್ತಾಗಲಿಲ್ಲ. ವಾಪಸ್ ಹೋದೆ. ಮಾರನೇ ದಿನ ಹೋದ್ರಾಯ್ತು ಅಂದ್ಕೊಂಡೆ. ಹಾಗೇ ತಡ ಆಯ್ತು. ತಡ ಆದಷ್ಟೂ ಬರೋಕೆ ಮುಖ ಇರಲಿಲ್ಲ."

"ಹಣ್ಣು ಏನ್ಮಾಡ್ದೆ?"

"ತಿಂದೆ."

ಮಕ್ಕಳು ಕೈತೊಳೆಯುವ ಬಕೆಟ್ಟು ಅಲ್ಲೇ ಗೋಡೆಯ ಹತ್ತಿರ ಇತ್ತು. ದೊಡ್ಡಳಿಯ ಹಿಂದಕ್ಕೆ ತೆವಳಿ ಹೋಗಿ ಅದನ್ನು ತಂದು, ನೀರನ್ನು ಕಾಲಿನ ಪಕ್ಕದಲ್ಲಿ ಸಣ್ಣಗೆ ಸುರಿಯುತ್ತಾ ಕೈ ಆಡಿಸಿದ. ಬಿಗಿ ಹಿಡಿದಿದ್ದ ಮಣ್ಣು ಸಡಿಲವಾಗಿ ಪೊಳಕ್ ಎಂದು ಸದ್ದಾಯಿತು. "ಈಗ ಕಾಲು ಬೂಟಿನಿಂದ ಬಿಡಿಸ್ಕೋ. ಬೂಟಿನ ಆಸೆ ಬಿಡು." ಒಂದು ಕಾಲು ಬಂತು. ಎರಡನೆಯದು ಬರಲು ಇನ್ನೂ ಹೊತ್ತು ಹಿಡಿಯಿತು. ಕೊನೆಗೆ ಚಿಕ್ಕಳಿಯ ಹಲಗೆಯ ಮೇಲೆ ತೆವಳಿಕೊಂಡು ಗಟ್ಟಿ ನೆಲಕ್ಕೆ ಬಂದು ಅಂಗಾತ ಬಿದ್ದ. ಪಕ್ಕದಲ್ಲೇ ದೊಡ್ಡಳಿಯನೂ ಸೊಂಟ ಹಿಡಿದುಕೊಂಡು ಬಿದ್ದ.

"ನೋವಾಯ್ತಾ ಭಾವ?"

"ಆಗದೆ ಇರುತ್ತಾ? ಬಾಯ್ಮುಚ್ಕೊಂಡು ಬಿದ್ದಿರು."

ಅತ್ತೆ ಮತ್ತು ಆಯಾ ಚಾಪೆ ಹೊತ್ತು ಗೇಟಿನೊಳಗೆ ಬಂದಾಗ ಕಂಡದ್ದು ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣದ ಎರಡು ಆಕಾರಗಳು. ಆಯಾ "ಅಯ್ಯಯ್ಯೋ!" ಎಂದು ಚಾಪೆ ಬಿಟ್ಟಳು. ಅತ್ತೆ ಮೂಲೆ ನೋಡಿ, ಅಳಿಯಂದಿರನ್ನು ನೋಡಿ, ಬಾಯಿಗೆ ಕೈ ಇಟ್ಟುಕೊಂಡರು.

"ಅಲ್ಲೇ ತಾನೇ ಮಣ್ಣು ಕಲಸೋ ಗುಂಡಿ ಇದ್ದದ್ದು! ಆಮೇಲೆ ಹಾಗೇ ಮುಚ್ಚಿದ್ವಲ್ಲ. ನಾನು ಹೇಳಿರಲಿಲ್ವಾ?"

"ಇಲ್ಲ!" ಎಂದರು ಇಬ್ಬರೂ ಒಟ್ಟಿಗೆ.

"ಹೇಳಿದ್ದೆ ಅಂತ ನೆನಪು," ಎಂದರು ಅತ್ತೆ. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆ ಹಿಡಿದು ಕೂರುವಷ್ಟು ನಕ್ಕರು.

ಮೂರು ವರ್ಷದ ಸಿಟ್ಟು ಒಂದು ಮಧ್ಯಾಹ್ನಕ್ಕೆ ಕರಗಿತು ಎಂದರೆ ಸುಳ್ಳಾಗುತ್ತದೆ. ಮರುದಿನ ಇಬ್ಬರೂ ಬಂದಾಗ ಏನು ಮಾತಾಡುವುದೆಂದು ತಿಳಿಯದೆ ಮುಜುಗರಪಟ್ಟರು. ಮಾತು ಬಿಟ್ಟಿದ್ದಾಗಿನ ಸಲೀಸು ಈಗ ಇರಲಿಲ್ಲ. ದೊಡ್ಡಳಿಯ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದಿದ್ದ. ಚಿಕ್ಕಳಿಯ ಅದನ್ನು ನೋಡಿ, "ಇವತ್ತು ನೀವು ಮಟ್ಟ ನೋಡಿದ್ರೆ ಸಾಕು. ಅಗೆಯೋದು ನನಗೆ ಬಿಡಿ" ಎಂದ. ದೊಡ್ಡಳಿಯ ಗುರ್ ಎಂದ, ಆದರೆ ಸಲಿಕೆ ಕೊಟ್ಟ.

ಮೂಲೆಯ ಗುಂಡಿಯನ್ನು ಹಾಗೇ ಬಿಟ್ಟು ಮೇಲೆ ಜಲ್ಲಿ ಹಾಕಿದ್ದರೆ ಎರಡನೇ ಮಳೆಗೇ ಹುಲ್ಲು ಕುಸಿದು ತೊಟ್ಟಿಲಾಗುತ್ತಿತ್ತು. ಚಿಕ್ಕಳಿಯ ಒಂದು ಪುಟ್ಟ ಯಂತ್ರ ತರಿಸಿ ಕೆಸರನ್ನೆಲ್ಲ ಮೊಗೆದು ಹಾಕಿಸಿದ. ಒಂದು ಬೂಟು ಸಿಕ್ಕಿತು, ಇನ್ನೊಂದರ ಸುಳಿವೇ ಇರಲಿಲ್ಲ. ಆ ಹೊಂಡಕ್ಕೆ ಏನು ತುಂಬುವುದೆಂದು ಯೋಚಿಸುತ್ತಿದ್ದಾಗ ದೊಡ್ಡಳಿಯ ಗೂಡಿನ ಹಿಂದೆ ರಾಶಿ ಬಿದ್ದಿದ್ದ ಒಡಕು ಇಟ್ಟಿಗೆಗಳತ್ತ ಕೈ ತೋರಿಸಿದ. ಸುಟ್ಟು ಕಪ್ಪಾಗಿ ಯಾರೂ ಕೊಳ್ಳದೆ ಉಳಿದ ಗಟ್ಟಿ ಚೂರುಗಳು. ಕೈಗಾಡಿಯಲ್ಲಿ ತಂದು ತಂದು ತುಂಬಿ, ಪದರ ಪದರವಾಗಿ ಕುಟ್ಟಿ ದಮ್ಮಸ್ಸು ಮಾಡಿದರು. ಅಲ್ಲಿಂದ ಪೈಪನ್ನು ಚರಂಡಿಗೆ ಬಿಟ್ಟರು. ಬಿಸಿಲು ಬಂದು ನೆಲ ಆರಿದ ಮೇಲೆ ಬಟ್ಟೆ ಹಾಸಿ, ಜಲ್ಲಿ ಹರಡಿ, ಅದುಮುವ ಯಂತ್ರ ಓಡಿಸಿ, ಪುಡಿಯನ್ನು ಸಮವಾಗಿ ಎಳೆದರು.

ಸುರುಳಿಗಳು ಬಂದ ದಿನ ಇಬ್ಬರೂ ಲಾರಿಯ ಮುಂದೆ ನಿಂತು ಅವುಗಳನ್ನು ನೋಡಿದರು. ಚಿಕ್ಕಳಿಯನೇ ಮೊದಲು ಬಾಯಿ ಬಿಟ್ಟ. "ಹೊರೋದು ಬೇಡ ಭಾವ. ಗೂಡಿನ ಹಳೇ ತಳ್ಳುಗಾಡಿಗೆ ಚಕ್ರ ಬದಲಾಯಿಸಿ ತಂದಿದ್ದೀನಿ. ಉರುಳಿಸಿ ಅದರ ಮೇಲೆ ಹಾಕೋಣ."

"ಮೊದಲೇ ಈ ಬುದ್ಧಿ ಇದ್ದಿದ್ರೆ," ಎಂದು ಶುರುಮಾಡಿದ ದೊಡ್ಡಳಿಯ ಅಲ್ಲಿಗೇ ನಿಲ್ಲಿಸಿ ಗಾಡಿಯ ಹಿಡಿಗೆ ಕೈ ಹಾಕಿದ.

ಎಲ್ಲ ಹಾಸಿ, ಸೇರುವ ಕಡೆ ಅಂಟು ಹಚ್ಚಿ ದೂರ ನಿಂತು ನೋಡಿದರೆ ನಡುವಿನ ಒಂದು ಪಟ್ಟಿ ಬೇರೆ ಹಸಿರಾಗಿ ಕಾಣುತ್ತಿತ್ತು. ಅದರ ಎಳೆಗಳು ಉಳಿದವುಗಳಿಗೆ ತಿರುವುಮುರುವಾಗಿ ಒರಗಿದ್ದವು. ಈ ತಪ್ಪು ಕೆಲಸ ಕಲಿಯುವವರು ಮಾಡುವಂಥದ್ದು.

"ನೀನು ತಿರುಗಿಸಿದ್ದು."

"ನೀವು ಇಡು ಅಂದ ಹಾಗೆ ಇಟ್ಟೆ."

"ನಾನು ಇಡು ಅಂದೆ, ಉಲ್ಟಾ ಇಡು ಅಂದ್ನಾ?"

ಈ ಸಲದ ಜಗಳ ಕಟ್ಟಡದ ಒಳಗಿನವರೆಗೂ ಕೇಳಿಸಿತು. ಅತ್ತೆ ಕಿಟಕಿಯಿಂದ ಇಣುಕಿ, "ಮಾತು ಬಿಟ್ಟಿದ್ದಾಗಲೇ ನೆಮ್ಮದಿ ಇತ್ತು ಕಣೇ" ಎಂದು ಆಯಾಳಿಗೆ ಹೇಳಿದರು. ಅಂಟು ಒಣಗುವ ಮೊದಲು ಪಟ್ಟಿಯನ್ನು ಕಿತ್ತು ತಿರುಗಿಸಿ ಹಾಕಬೇಕಾಯಿತು. ತಪ್ಪು ಯಾರದೆಂದು ತೀರ್ಮಾನವಾಗಲಿಲ್ಲ. ಇಬ್ಬರೂ ಕಿತ್ತರು, ಇಬ್ಬರೂ ಹಾಕಿದರು. ಕೊನೆಗೆ ಮರಳು ಉದುರಿಸಿ ಪೊರಕೆಯಿಂದ ಎಳೆಗಳನ್ನು ಎಬ್ಬಿಸಿದಾಗ ಅಂಗಳ ಒಂದೇ ಬಣ್ಣಕ್ಕೆ ಬಂತು.

ರಜೆ ಮುಗಿದು ಮಕ್ಕಳು ಬಂದವು. ಮೊದಲ ದಿನ ಹೊಸ ಹುಲ್ಲಿಗೆ ಕಾಲಿಡಲು ಹೆದರಿ ಬಾಗಿಲಲ್ಲೇ ಗುಂಪಾಗಿ ನಿಂತವು. ದಪ್ಪನೆಯ ಹುಡುಗಿಯೊಬ್ಬಳು ಕೂತುಕೊಂಡೇ ಜಾರಿ ಇಳಿದು, ಒಂದು ಎಳೆಯನ್ನು ಎಳೆದು ನೋಡಿ, ಬಾಯಿಗೆ ಹಾಕಿಕೊಳ್ಳಲು ಹೋಗಿ ಅದು ಕಿತ್ತು ಬರುವುದಿಲ್ಲವೆಂದು ತಿಳಿದು ಅತ್ತಳು. ಆಮೇಲೆ ಎಲ್ಲವೂ ನುಗ್ಗಿದವು.

ಮೊದಲ ದೊಡ್ಡ ಮಳೆ ಬಂದ ಮರುದಿನ ದೊಡ್ಡಳಿಯ ಯಾವುದೋ ನೆಪ ಮಾಡಿಕೊಂಡು ಅತ್ತೆಯ ಶಿಶುವಿಹಾರಕ್ಕೆ ಹೋದ. ಚಿಕ್ಕಳಿಯ ಆಗಲೇ ಬಂದು ಚರಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಪೈಪಿನ ಬಾಯಿ ನೋಡುತ್ತಿದ್ದ. ನೀರು ಸಣ್ಣಗೆ, ತಿಳಿಯಾಗಿ ಬೀಳುತ್ತಿತ್ತು. ಅಂಗಳದ ಮೇಲೆ ಒಂದು ಹನಿಯೂ ನಿಂತಿರಲಿಲ್ಲ. ದೊಡ್ಡಳಿಯ ಮೂಲೆಗೆ ಹೋಗಿ ಹಿಮ್ಮಡಿಯಿಂದ ಜೋರಾಗಿ ಒತ್ತಿ ನೋಡಿದ. ಜಗ್ಗಲಿಲ್ಲ. ಹಿಂದಿರುಗುವಾಗ ಒಂದು ಅಂಗಡಿಯ ಮುಂದೆ ಇಬ್ಬರೂ ಗಾಡಿ ನಿಲ್ಲಿಸಿ ಚಹಾ ಕುಡಿದರು. ಚಿಕ್ಕಳಿಯ ತನ್ನ ಮಗಳ ಪರೀಕ್ಷೆಯ ವಿಷಯ ಹೇಳಿದ, ದೊಡ್ಡಳಿಯ ತನ್ನ ಗಾಡಿಯ ಕ್ಲಚ್ಚಿನ ವಿಷಯ ಹೇಳಿದ.

ಬೇಸಗೆ ಬಂದಾಗ ಅಂಗಳ ಬೇರೆ ಹಟ ಹಿಡಿಯಿತು. ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಕಾದು ಮಕ್ಕಳು ಬರಿಗಾಲಲ್ಲಿ ಕುಪ್ಪಳಿಸಿ ಒಳಗೆ ಓಡಿ ಬರತೊಡಗಿದವು. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ತಣ್ಣಗಿರುತ್ತಿತ್ತು, ಮತ್ತೆ ಅದೇ ಕತೆ. ಅತ್ತೆ ದೊಡ್ಡಳಿಯನಿಗೆ ಫೋನ್ ಮಾಡಿದರು.

"ಗೊತ್ತಾಯ್ತು ಅತ್ತೆ. ಅವನೂ ಹೇಳ್ದ, ಮೊನ್ನೆ ಮಕ್ಕಳು ಕುಣೀತಿದ್ದದ್ದನ್ನ ನೋಡಿದ್ನಂತೆ. ನೆರಳು ಬಲೆ ಕಟ್ಟೋಣ. ಅವನು ಕಬ್ಬಿಣದ ಕಂಬ ಅಂತಾನೆ, ನಾನು ಮರದ್ದು ಅಂತೀನಿ."

"ಯಾವುದಾದ್ರೂ ಕಟ್ಟಿ. ನನ್ನನ್ನ ಕೇಳ್ಬೇಡಿ."

ಕಬ್ಬಿಣದ್ದೇ ಆಯಿತು. ಹಸಿರು ಬಲೆಯನ್ನು ಎಳೆದು ಕಟ್ಟಿದ ದಿನ ಆಯಾ ಊಟ ಮುಗಿಸಿದ ಮಕ್ಕಳನ್ನು ಕರೆತಂದು ಚಾಪೆ ಹಾಸಿದಳು. ದಪ್ಪನೆಯ ಹುಡುಗಿ ಅಂಗಾತ ಮಲಗಿ, ಬಲೆಯ ಮೇಲೆ ಬಿದ್ದ ಎಲೆಯೊಂದು ಗಾಳಿಗೆ ಅತ್ತಿತ್ತ ಸರಿಯುವುದನ್ನು ನೋಡುತ್ತಾ ಕಣ್ಣು ಮುಚ್ಚಿದಳು. ಆ ಬೇಸಗೆ ಮುಗಿಯುವವರೆಗೂ ಮಕ್ಕಳು ಮಧ್ಯಾಹ್ನದ ನಿದ್ದೆಯನ್ನು ಹೊರಗೇ ಮಾಡಿದವು.